ಎರಡು ಹಗಲು, ಎರಡು ಇರುಳು

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಕೂಸಿಗೆ ಎರೆಯುವ ಮುದುಕಿಯು ಬಚ್ಚಲಲ್ಲಿ ಕಾಲು ನೀಡಿ ಕುಳಿತು, ತನ್ನ ಎರಡು ಕಾಲುಗಳ ನಡುವಣ ತೊಟ್ಟಿಲಿನಂಥ ತಗ್ಗಿನಲ್ಲಿ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ಹಚ್ಚಿದ ಅಂಗೈಯನ್ನು ಹೆಡಕಿನಿಂದ ಕೆಳಕ್ಕೆ ಒಮ್ಮೆ ಎಳೆಯುತ್ತಾಳೆ. ನೂರಾರು ಕೂಸುಗಳ ಬೆನ್ನ ಮೇಲೆ ತಡೆಯಿಲ್ಲದೆ ಜಾರಿದ ಆ ಅಂಗೈ ಎಲ್ಲೋ ಒಂದು ಮನೆಯಲ್ಲಿ, ಎಂದೋ ಒಂದು ದಿನ, ಸೊಂಟದ ಬಳಿ ಬಂದು ತಟಕ್ಕನೆ ನಿಂತುಬಿಡುತ್ತದೆ. ಅಲ್ಲಿ ಚರ್ಮವಿಲ್ಲ, ಉಳ್ಳಾಗಡ್ಡಿಯ ಒಳಸಿಪ್ಪೆಯಂಥ ತೆಳ್ಳನೆಯ ಪೊರೆಯೊಳಗೆ ನೀರು ತುಂಬಿಕೊಂಡ, ನಿಂಬೆಯಷ್ಟೋ ಅದಕ್ಕೂ ಹಿರಿದೋ ಆದ ಒಂದು ಗುಳ್ಳೆ, ಅದರ ನಡುವೆ ಕೆಂಪಗೆ ಹೊಳೆಯುವ ಒಂದು ಪಟ್ಟಿ. "ಬೆನ್ನಾಗ ಗಂಟು ಅದ" ಎಂಬ ಮಾತು ಒಳಮನೆಗೆ ಹೋಗುತ್ತದೆ; ತುಸು ಹೊತ್ತಿನಲ್ಲಿಯೇ, ಅದಕ್ಕಿಂತಲೂ ಮೆಲ್ಲನೆಯ ದನಿಯಲ್ಲಿ, "ಕಾಲು ಆಡಸವಲ್ದು" ಎಂಬ ಇನ್ನೊಂದು ಮಾತು.

ಆ ಕೆಂಪು ಪಟ್ಟಿಯೇ ಬೆನ್ನುಹುರಿ. ಗರ್ಭ ನಿಂತ ಇಪ್ಪತ್ತೆಂಟು ದಿನಗಳೊಳಗಾಗಿ, ಎಂದರೆ ತಾನು ಬಸುರಿಯೆಂದು ತಾಯಿಗೇ ಸರಿಯಾಗಿ ತಿಳಿಯುವುದಕ್ಕೆ ಮುಂಚೆ, ಭ್ರೂಣದ ಬೆನ್ನಿನ ಮೇಲಿನ ನರದ ಹಾಳೆಯು ಎರಡೂ ಅಂಚುಗಳಲ್ಲಿ ಮೇಲೆದ್ದು ವೀಳ್ಯದೆಲೆಯನ್ನು ಸುರುಳಿ ಸುತ್ತಿದಂತೆ ಕೊಳವೆಯಾಗಿ ಮುಚ್ಚಿಕೊಳ್ಳಬೇಕು. ಎಲ್ಲಿ ಮುಚ್ಚಿಕೊಳ್ಳದೆ ಉಳಿಯಿತೋ ಅಲ್ಲಿ ಅದರ ಮೇಲಿನ ಎಲುಬಿನ ಕಮಾನಾಗಲಿ ಸ್ನಾಯುವಾಗಲಿ ಚರ್ಮವಾಗಲಿ ಕೂಡುವುದಿಲ್ಲ. ಈ ಸೀಳಿದ ಬೆನ್ನೆಲುಬಿಗೆ ಸ್ಪೈನಾ ಬಿಫಿಡಾ ಎಂಬ ಲ್ಯಾಟಿನ್ ನಾಮಕರಣವನ್ನು ಮಾಡಿದವನು ಹದಿನೇಳನೆಯ ಶತಮಾನದ ಆಮ್‌ಸ್ಟರ್‌ಡ್ಯಾಮಿನ ವೈದ್ಯ ನಿಕೊಲಾಸ್ ಟುಲ್ಪ್. ರೆಂಬ್ರಾಂಟನು 1632ರಲ್ಲಿ ಬರೆದ ಪ್ರಸಿದ್ಧ ಅಂಗಚ್ಛೇದನದ ಚಿತ್ರದಲ್ಲಿ ಚಿಮುಟವನ್ನು ಹಿಡಿದು ಪಾಠ ಹೇಳುತ್ತಿರುವ ಟೋಪಿಯ ಮಹಾಶಯನೇ ಈತ. 1761ರಲ್ಲಿ ಇಟಲಿಯ ಮೊರ್ಗಾನ್ಯಿಯು ಈ ಬೆನ್ನಿನ ಗಂಟಿಗೂ ತಲೆಯಲ್ಲಿ ನೀರು ತುಂಬುವುದಕ್ಕೂ ಸಂಬಂಧವುಂಟೆಂದು ತೋರಿಸಿಕೊಟ್ಟನು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗ್ಲಾಸ್ಗೋ ನಗರದ ಜೇಮ್ಸ್ ಮಾರ್ಟನ್ ಎಂಬಾತನು ಗುಳ್ಳೆಯೊಳಕ್ಕೆ ಅಯೊಡಿನ್ ಬೆರೆಸಿದ ಗ್ಲಿಸರಿನ್ ಚುಚ್ಚಿ ಅದನ್ನು ಮುದುಡಿಸಲು ಹೊರಟನು. ಕೊಯ್ಯುವ ಧೈರ್ಯವನ್ನು ಮಾಡಿದವರೂ ಇದ್ದರು. ಆದರೆ ಸೋಂಕನ್ನು ತಡೆಯುವ ಔಷಧವಾಗಲಿ, ತಲೆಯ ನೀರನ್ನು ಹೊರಗೆ ಹರಿಸುವ ಉಪಾಯವಾಗಲಿ ಇಲ್ಲದಿದ್ದ ಆ ಕಾಲದಲ್ಲಿ ಬೆನ್ನು ಮುಚ್ಚಿದ ಕೂಸು ತಲೆಯಿಂದ ಸಾಯುತ್ತಿತ್ತು.

ನಮ್ಮಲ್ಲಿ ವಿಕೃತಾಂಗ ಶಿಶುಗಳ ಕಾರಣವನ್ನು ಕುರಿತ ಚಿಂತನೆ ಪ್ರಾಚೀನವಾದುದು. ಎರಡು ಹೃದಯವುಳ್ಳವಳಾದ ಗರ್ಭಿಣಿಯ ಬಯಕೆಯನ್ನು ತೀರಿಸದಿದ್ದರೆ ಕುಬ್ಜರೂ ಕುಂಟರೂ ಆದ ಮಕ್ಕಳು ಹುಟ್ಟುವರೆಂದು ಸುಶ್ರುತನ ಶಾರೀರಸ್ಥಾನವು ಹೇಳುತ್ತದೆ. ಅದರ ಜೀವಶಾಸ್ತ್ರವೇನೇ ಇರಲಿ, ದೋಷವನ್ನು ಬಸುರಿಯ ಮೇಲೆ ಹೊರಿಸದೆ ಅವಳ ಬಯಕೆಯನ್ನು ತೀರಿಸದ ಮನೆಯವರ ಮೇಲೆ ಹೊರಿಸಿತೆಂಬ ಕಾರಣಕ್ಕಾಗಿ ನನಗೆ ಆ ಮಾತಿನಲ್ಲಿ ಗೌರವವುಂಟು. ಭೀಮಾ ಕೃಷ್ಣೆಯರ ನಡುವಣ ನಮ್ಮ ಎರೆಸೀಮೆಯ ಊರುಗಳಲ್ಲಿ ಆ ಔದಾರ್ಯವೂ ಉಳಿಯಲಿಲ್ಲ: ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದಳು, ಕೈಯಲ್ಲಿ ಈಳಿಗೆ ಹಿಡಿದಳು, ಏನನ್ನೋ ಹೆಚ್ಚಿದಳು ಎಂಬ ಆಪಾದನೆಯೇ ಅಲ್ಲಿ ನಿದಾನಶಾಸ್ತ್ರವಾಯಿತು.

ಆದರೂ ಆ ದಿನಗಳ ವಿಷಯದಲ್ಲಿ ಒಂದು ಮಾತನ್ನು ಮರೆಯಲಾಗದು. ಬೆನ್ನಿನ ಗುಳ್ಳೆ ಒಡೆದು, ಜ್ವರ ಏರಿ, ಕೂಸು ಕಣ್ಣು ಮುಚ್ಚಿದಾಗ ಯಾರೂ ಏನನ್ನೂ ನಿರ್ಧರಿಸಿರುತ್ತಿರಲಿಲ್ಲ. ನಿರ್ಧರಿಸುವುದಕ್ಕೆ ಎರಡು ದಾರಿಗಳಾದರೂ ಬೇಕಷ್ಟೆ. ನಮ್ಮ ಸೀಮೆಯಲ್ಲಿ ಎರಡನೆಯ ದಾರಿಯೇ ಇರಲಿಲ್ಲ. ಅರಸ ವೆಂಕಟಪ್ಪ ನಾಯಕನ ಬಂಡಾಯ 1858ರಲ್ಲಿ ಅಡಗಿದ ತರುವಾಯ ಸುರಪುರ ಸಂಸ್ಥಾನವು 1860ರಲ್ಲಿ ನಿಜಾಮನ ಕೈಸೇರಿತು. 1871ರಲ್ಲಿ ಮುಂಬಯಿ ಕಡೆಯ ರೈಲುದಾರಿಯೂ ಮದರಾಸಿನ ಕಡೆಯ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿಕೊಂಡುದರಿಂದ ಕೋಟೆಯ ಬುಡದ ಯಾದಗಿರಿ ಸ್ಟೇಶನ್ ಎರಡು ಮಹಾನಗರಗಳ ನಡುವಣ ನಿಲ್ದಾಣವಾಯಿತು. ಆದರೆ ಸುರಪುರಕ್ಕೆ ರೈಲು ಬರಲಿಲ್ಲ, ಶಹಾಪುರಕ್ಕೆ ಬರಲಿಲ್ಲ. ಆ ಎರಡು ಊರಿನವರಿಗೂ ರೈಲಿಗೆ ಅಡ್ಡವಾಗಿ ಭೀಮೆಯು ಹರಿಯುತ್ತಿತ್ತು. ದೊಡ್ಡ ಆಸ್ಪತ್ರೆಯೆಂದರೆ ನಿಜಾಮನ ಹೈದರಾಬಾದಿನಲ್ಲಿ ಮೂಸೀ ನದಿಯ ದಡದ ಉಸ್ಮಾನಿಯಾ, ಮಕ್ಕಳ ಆಸ್ಪತ್ರೆಯೆಂದರೆ 1953ರಲ್ಲಿ ತೆರೆದ ಅಲ್ಲಿಯದೇ ನಿಲೋಫರ್. ಇಷ್ಟನ್ನು ತಿಳಿದವರೇ ಕಡಮೆ. ತಿಳಿದು ಹೊರಟವರು ಇನ್ನೂ ಕಡಮೆ.

ನಿರ್ಧಾರವೆಂಬ ವಸ್ತುವು ಈ ರೋಗದ ಚರಿತ್ರೆಯೊಳಕ್ಕೆ ಪ್ರವೇಶಿಸಿದುದು ಒಬ್ಬ ತಂದೆಯ ಕೈಗೆಲಸದಿಂದ. ಅಮೆರಿಕದ ಜಾನ್ ಹೋಲ್ಟರ್ ವೈದ್ಯನಲ್ಲ, ನೀರಿನ ಒತ್ತಡದ ಯಂತ್ರಗಳಲ್ಲಿ ಪಳಗಿದ ಕುಶಲಕರ್ಮಿ. 1955ರ ನವೆಂಬರದಲ್ಲಿ ಅವನಿಗೆ ಹುಟ್ಟಿದ ಮಗನ ಬೆನ್ನಿನಲ್ಲಿ ಗಂಟಿತ್ತು, ತಲೆಯಲ್ಲಿ ನೀರು ತುಂಬುತ್ತಿತ್ತು. ತಲೆಯ ನೀರನ್ನು ರಕ್ತನಾಳಕ್ಕೆ ಹರಿಸುವುದೇನೋ ಸರಿ, ಆದರೆ ರಕ್ತವು ಹಿಂದಕ್ಕೆ ನುಗ್ಗದಂತೆ ತಡೆಯುವ ಒಂದು ಪುಟ್ಟ ಕವಾಟ ಬೇಕೆಂದು ಫಿಲಡೆಲ್ಫಿಯಾದ ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಅವನಿಗೆ ವಿವರಿಸಿದನು. ಹಾಲುಬಾಟಲಿಯ ರಬ್ಬರು ಮೊಲೆತೊಟ್ಟಿನ ಸೀಳು ಒಳಗಿನ ಒತ್ತಡಕ್ಕೆ ಮಾತ್ರ ಬಾಯಿ ತೆರೆದು, ಒತ್ತಡ ಇಳಿದೊಡನೆ ತುಟಿ ಕೂಡಿಸಿಕೊಳ್ಳುವುದನ್ನು ನೆನೆದ ಹೋಲ್ಟರ್ ಮನೆಯಲ್ಲಿಯೇ ಕುಳಿತು ಅಂಥ ಸೀಳಿನ ಕವಾಟವನ್ನು ಮಾಡಿದನು. ಸಿಲಿಕೋನ್ ಎಂಬ ಹೊಸ ರಬ್ಬರು ಅದಕ್ಕೆ ಒದಗಿತು. 1956ರಲ್ಲಿ ಅದು ಮೊದಲು ರಕ್ಷಿಸಿದುದು ಬೇರೊಬ್ಬರ ಮಗುವನ್ನು. ಅವನ ಮಗನು ಐದರ ಪ್ರಾಯದಲ್ಲಿ ತೀರಿಕೊಂಡನು.

ಕವಾಟವು ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿನ ಶೆಫೀಲ್ಡ್ ನಗರಕ್ಕೆ ಬಂದಿತು. ಉಕ್ಕಿನ ಕಾರ್ಖಾನೆಗಳ ಆ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ರಾಬರ್ಟ್ ಜ್ಯಾಕರಿ, ಎಲುಬಿನ ವೈದ್ಯ ಶರಾರ್ಡ್, ಹಂಗೇರಿಯಿಂದ ಬಂದು ನೆಲಸಿದ ಮಕ್ಕಳ ವೈದ್ಯ ಜಾನ್ ಲಾರ್ಬರ್ ಇವರು ಒಂದಾಗಿ ಒಂದು ಪ್ರಶ್ನೆಯನ್ನು ಎತ್ತಿಕೊಂಡರು. ಗುಳ್ಳೆಯನ್ನು ಹುಟ್ಟಿದೊಡನೆ ಮುಚ್ಚಬೇಕೋ, ತಾನಾಗಿ ಚರ್ಮ ಬೆಳೆದು ಕೂಸು ಗಟ್ಟಿಯಾದ ಮೇಲೆ ಮುಚ್ಚಬೇಕೋ? ಹುಟ್ಟಿದ ಮೊದಲ ತಾಸುಗಳಲ್ಲಿ ಆಡುತ್ತಿದ್ದ ಸ್ನಾಯುಗಳು ತೆರೆದ ಹುರಿಯು ಒಣಗಿದಂತೆಲ್ಲ ನಿಶ್ಚೇಷ್ಟವಾಗುವುದನ್ನು ಶರಾರ್ಡ್ ಒಂದೊಂದೇ ಸ್ನಾಯುವನ್ನು ಪರೀಕ್ಷಿಸಿ ಗುರುತು ಹಾಕಿಕೊಂಡಿದ್ದನು. 1963ರಲ್ಲಿ 'ಆರ್ಕೈವ್ಸ್ ಆಫ್ ಡಿಸೀಸ್ ಇನ್ ಚೈಲ್ಡ್‌ಹುಡ್' ಎಂಬ ಪತ್ರಿಕೆಯಲ್ಲಿ ಅವರ ತುಲನಾತ್ಮಕ ಪ್ರಯೋಗವು ಪ್ರಕಟವಾಯಿತು: ಕೂಡಲೆ ಮುಚ್ಚಿದವರ ಕಾಲುಗಳಲ್ಲಿ ಹೆಚ್ಚಿನ ಬಲವುಳಿಯಿತು. ಒಂದು ಹಗಲು ಒಂದು ಇರುಳು, ಬಹಳವೆಂದರೆ ಎರಡು ಹಗಲು ಎರಡು ಇರುಳು, ಅಷ್ಟರೊಳಗೆ ಶಸ್ತ್ರಕ್ರಿಯೆ ಆಗತಕ್ಕದ್ದೆಂಬುದು ವೈದ್ಯಲೋಕದ ನಿಯಮವಾಯಿತು.

ಅದೇ 1963ರಲ್ಲಿ ನಮ್ಮ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಮಹಾದೇವಪ್ಪ ರಾಂಪುರೆಯವರ ಹೆಸರಿನ ಮೆಡಿಕಲ್ ಕಾಲೇಜು ಬಾಗಿಲು ತೆರೆಯಿತೆಂಬುದನ್ನು ಕಾಕತಾಳೀಯವೆಂದೇ ಎಣಿಸಿದರೂ ನೆನಪಿನಲ್ಲಿಡುವುದು ಒಳ್ಳೆಯದು. ಭಾರತದಲ್ಲಿ ನರಶಸ್ತ್ರಚಿಕಿತ್ಸೆಯೇ ಆಗ ಹೊಸತು: 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ, ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ, ಆ ದಶಕದ ಕೊನೆಗೆ ಬೆಂಗಳೂರಿನಲ್ಲಿ ಆರ್. ಎಂ. ವರ್ಮಾ. ಸುರಪುರದ ಬೆಟ್ಟದ ಮೇಲೆ ಹಿಂದಿನ ಆಂಗ್ಲ ಅಧಿಕಾರಿ ಟೇಲರ್ ಸಾಹೇಬನ ಬಂಗಲೆಯ ಕೆಳಗಿನ ಓಣಿಯಲ್ಲಿ ಸೋಮವಾರ ನಸುಕಿನಲ್ಲಿ ಹುಟ್ಟಿದ ಕೂಸು ಬುಧವಾರ ನಸುಕಿನೊಳಗೆ ಇವರಲ್ಲೊಬ್ಬರ ಮೇಜಿನ ಮೇಲೆ ಬೋರಲು ಮಲಗಿರಬೇಕಾಗಿದ್ದರೆ ಬಂಡಿ, ಬಸ್ಸು, ನದಿ, ರೈಲು ಇವೆಲ್ಲವೂ ಒಂದರ ಕೈಯೊಂದು ಹಿಡಿದು ನಡೆಯಬೇಕಾಗಿತ್ತು. ಶೆಫೀಲ್ಡಿನವರು ಗಡಿಯಾರವನ್ನು ನೋಡುತ್ತ ವಾದಿಸುತ್ತಿದ್ದ ಹೊತ್ತಿಗೆ, ನಮ್ಮವರ ಪಾಲಿಗೆ ಆ ಗಡಿಯಾರವು ನಡೆಯಲು ತೊಡಗಿರಲೇ ಇಲ್ಲ.

ಇನ್ನು ಆ ವಾದದ ಕಥೆ. ಎಲ್ಲರನ್ನೂ ಮುಚ್ಚಿ, ಎಲ್ಲರನ್ನೂ ಬದುಕಿಸಲು ಹೊರಟ ಶೆಫೀಲ್ಡಿನಲ್ಲಿ ಹತ್ತು ವರ್ಷಗಳ ತರುವಾಯ ಲಾರ್ಬರನು ಹಿಂತಿರುಗಿ ನೋಡಿದನು. 1971ರಲ್ಲಿ ಅವನು 524 ಮಕ್ಕಳ ಚರಿತ್ರೆಯನ್ನು ಮುಂದಿಟ್ಟು, ಮೇಲಿಂದ ಮೇಲೆ ಶಸ್ತ್ರಕ್ರಿಯೆ, ಸೋತ ಮೂತ್ರಪಿಂಡ, ಬಾಗಿದ ಬೆನ್ನು, ಕುಂದಿದ ಬುದ್ಧಿ ಇವುಗಳ ನಡುವೆ ಉಳಿದವರ ಬಾಳನ್ನು ವಿವರಿಸಿ, ಇನ್ನು ಮೇಲೆ ಆಯ್ಕೆ ಮಾಡಿ ಚಿಕಿತ್ಸೆ ಕೊಡೋಣವೆಂದನು. ಕಾಲುಗಳು ಮೇಲಿನಿಂದಲೇ ಸೋತಿದ್ದರೆ, ತಲೆಯು ಹುಟ್ಟುವಾಗಲೇ ವಿಪರೀತ ಹಿಗ್ಗಿದ್ದರೆ, ಬೆನ್ನು ಗೂನಾಗಿದ್ದರೆ, ಬೇರೆ ಘೋರ ವೈಕಲ್ಯವಿದ್ದರೆ ಶಸ್ತ್ರಕ್ರಿಯೆ ಬೇಡ. 1973ರಲ್ಲಿ ಅವನು ಕೊಟ್ಟ ಲೆಕ್ಕ ಹೀಗಿತ್ತು: 37 ಶಿಶುಗಳಲ್ಲಿ 12ಕ್ಕೆ ಚಿಕಿತ್ಸೆ, ಬಿಟ್ಟುಕೊಟ್ಟ 25 ಶಿಶುಗಳೂ ಒಂಬತ್ತು ತಿಂಗಳೊಳಗೆ ತೀರಿಕೊಂಡವು. ಅದೇ ಆಸ್ಪತ್ರೆಯ ಜ್ಯಾಕರಿ ಇದನ್ನು ಒಪ್ಪಲಿಲ್ಲ. ಹಾಗೆ ಬಿಟ್ಟುಕೊಟ್ಟ, ನಿದ್ದೆಯ ಔಷಧ ಕುಡಿಸಿದ್ದರಿಂದ ಮಂಕಾಗಿ ಮಲಗಿದ ಕೂಸು ಹಸಿವೆಂದು ಅಳುವುದು ಹೇಗೆ, ಅತ್ತರೆ ಮಾತ್ರ ಹಾಲು ಕೊಡಿರೆಂಬ ಆಜ್ಞೆಗೆ ಅರ್ಥವೇನು ಎಂಬುದು ಅವನ ಆಕ್ಷೇಪಣೆಯ ತಿರುಳು. ಲಾರ್ಬರನನ್ನು ಕ್ರೂರಿಯೆಂದು ಕರೆಯಲು ನನಗೆ ಮನಸ್ಸು ಬಾರದು. ತಾನೇ ಬದುಕಿಸಿದ ಮಕ್ಕಳ ನೋವನ್ನು ವರ್ಷಗಟ್ಟಲೆ ಕಂಡವನು ಅವನು. ಆದರೆ ಅವನು ನಾಳೆಯ ಬಾಳನ್ನು ನಿನ್ನೆಯ ಔಷಧದಿಂದ ಅಳೆದನು. ಏಕೆಂದರೆ 1972ರಲ್ಲಿಯೇ ಅಮೆರಿಕದ ಜ್ಯಾಕ್ ಲ್ಯಾಪಿಡಸ್ ಎಂಬ ವೈದ್ಯನು, ದಿನಕ್ಕೆ ಹಲವು ಸಲ ಶುಚಿಯಾದ ಒಂದು ಸಣ್ಣ ನಳಿಕೆಯಿಂದ ಮೂತ್ರವನ್ನು ತೆಗೆದರೆ ಸಾಕು, ಮೂತ್ರಪಿಂಡಗಳು ಉಳಿಯುತ್ತವೆಂದು ತೋರಿಸಿದ್ದನು. ಈ ರೋಗಿಗಳ ಅತಿದೊಡ್ಡ ಮೃತ್ಯುವಿಗೆ ಸಾಬೂನು, ನೀರು, ನಳಿಕೆ ಇಷ್ಟರಿಂದ ತಡೆಯಾಯಿತು. ತರುವಾಯ ಶಿಕಾಗೋದ ಡೇವಿಡ್ ಮೆಕ್ಲೋನ್ ಯಾರನ್ನೂ ಆರಿಸದೆ ಬಂದವರಿಗೆಲ್ಲ ಚಿಕಿತ್ಸೆ ಕೊಟ್ಟು, ಬುದ್ಧಿ ಕುಂದುವುದಕ್ಕೆ ಬೆನ್ನಿನ ಗಂಟಿಗಿಂತಲೂ ಮಿದುಳಿಗೆ ಏರಿದ ಸೋಂಕೇ ಹೆಚ್ಚಿನ ಕಾರಣವೆಂದು ಸಾಧಿಸಿದನು. ತಡಮಾಡಿದರೆ ಸೋಂಕು, ಮತ್ತೆ ಅದೇ ಗಡಿಯಾರ.

ಕರ್ನಾಟಕಕ್ಕೆ ಈ ಪ್ರಶ್ನೆಯು ಅಂಕಿಗಳ ರೂಪದಲ್ಲಿ ಬಂದಿತು. ದಾವಣಗೆರೆಯಲ್ಲಿ ಮಕ್ಕಳ ವೈದ್ಯರಾಗಿದ್ದ ಡಾ. ಎಂ. ಎಲ್. ಕುಲಕರ್ಣಿಯವರೂ ಸಹೋದ್ಯೋಗಿಗಳೂ 3500 ಹೆರಿಗೆಗಳನ್ನು ಒಂದನ್ನೂ ಬಿಡದೆ ಪರೀಕ್ಷಿಸಿ, ನರಕೊಳವೆ ಮುಚ್ಚಿಕೊಳ್ಳದ ಶಿಶುಗಳು ಸಾವಿರಕ್ಕೆ 11.4ರಂತೆ ಕಂಡುಬಂದವೆಂದು 1989ರಲ್ಲಿ ಬರೆದರು. ಬರೆದುದು ಶೆಫೀಲ್ಡಿನವರು ಬರೆದ ಅದೇ ಪತ್ರಿಕೆಯಲ್ಲಿ, ಇಪ್ಪತ್ತಾರು ವರ್ಷಗಳ ಅಂತರದಲ್ಲಿ. ದೊಡ್ಡ ಆಸ್ಪತ್ರೆಗೆ ಕಷ್ಟದ ಹೆರಿಗೆಗಳೇ ಹೆಚ್ಚಾಗಿ ಬರುವುದರಿಂದ ಆ ಸಂಖ್ಯೆಯನ್ನು ನಾಡಿನ ಎಲ್ಲ ಮನೆಗಳಿಗೂ ಹೊಂದಿಸಲಾಗದು. ಆದರೂ ಉತ್ತರ ಹಿಂದುಸ್ತಾನದ ರೋಗವಿದು, ನಮ್ಮಲ್ಲಿ ಅಪರೂಪ ಎಂಬ ಸಮಾಧಾನವು ಅಲ್ಲಿಗೆ ಮುಗಿಯಿತು. ಸೋದರಮಾವನಿಗೆ ಕೊಟ್ಟು, ಅತ್ತೆಯ ಮಗನಿಗೆ ತಂದು ಮಾಡುವ ನಮ್ಮ ಮದುವೆಗಳ ಕಡೆಗೂ ಆ ಅಧ್ಯಯನವು ಬೆರಳು ತೋರಿಸಿತು.

ಬೆನ್ನು ಮುಚ್ಚುವುದಕ್ಕೆ ದಾರ, ಸೂಜಿ, ನುರಿತ ಕೈ ಸಾಕು. ತಲೆಯ ಕವಾಟಕ್ಕೆ ಡಾಲರು ಬೇಕಾಗಿತ್ತು. ಈ ತೊಡಕನ್ನು ಬಿಡಿಸಿದವರು ನಮ್ಮವರೇ ಎಂಬುದನ್ನು ಹೇಳುವಾಗ ತುಸು ಹೆಮ್ಮೆಪಟ್ಟರೆ ತಪ್ಪಾಗಲಾರದು. ದಿಲ್ಲಿಯ ಮಕ್ಕಳ ಶಸ್ತ್ರವೈದ್ಯ ಉಪಾಧ್ಯಾಯರ ಹೆಸರಿನ ಕವಾಟದ ನಳಿಕೆಯೂ, ಉತ್ತರ ಪ್ರದೇಶದ ಶಾಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ನಳಿಕೆಯೂ ದೇಶದ ಬಡ ರೋಗಿಗಳಿಗೆ ಒದಗಿದವು. ಯುಗಾಂಡದಲ್ಲಿ ಬೆಂಜಮಿನ್ ವಾರ್ಫ್ ಎಂಬ ಅಮೆರಿಕದ ವೈದ್ಯನು 195 ಮಕ್ಕಳಲ್ಲಿ ಸುಮಾರು 35 ಡಾಲರಿನ ಈ ಶಾಹಜಹಾನ್‌ಪುರದ ನಳಿಕೆಯನ್ನೂ ಸುಮಾರು 650 ಡಾಲರಿನ ಪಾಶ್ಚಾತ್ಯ ನಳಿಕೆಯನ್ನೂ ಹೋಲಿಸಿ ನೋಡಿ, ವರ್ಷದ ಕೊನೆಗೆ ಫಲದಲ್ಲಿ ವ್ಯತ್ಯಾಸವಿಲ್ಲವೆಂದು 2005ರಲ್ಲಿ ಪ್ರಕಟಿಸಿದನು.

ನಮ್ಮ ಸೀಮೆಯ ಗಡಿಯಾರವು ನಡೆಯತೊಡಗಿದುದು ಅದರ ಮುಂದಿನ ನಾಲ್ಕೈದು ವರ್ಷಗಳಲ್ಲಿ. 2008ರ ರಾಜ್ಯೋತ್ಸವದಂದು 108ರ ಆಂಬುಲೆನ್ಸು ಬಂದಿತು. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳು ಗುಲಬರ್ಗಾದಿಂದ ಬೇರೆಯಾಗಿ ರಾಜ್ಯದ ಮೂವತ್ತನೆಯ ಜಿಲ್ಲೆಯಾದವು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ರಾಜ್ಯದಲ್ಲಿ ಮೊತ್ತಮೊದಲು ಗುಲಬರ್ಗಾ ವಿಭಾಗದಲ್ಲಿಯೇ ಆರಂಭವಾಗಿ, ಬಿ.ಪಿ.ಎಲ್. ಕಾರ್ಡಿನವರ ಹೃದಯ, ಕ್ಯಾನ್ಸರ್, ನರಶಸ್ತ್ರಚಿಕಿತ್ಸೆ, ನವಜಾತ ಶಿಶುಚಿಕಿತ್ಸೆಗಳ ವೆಚ್ಚವನ್ನು ಸರಕಾರವೇ ವಹಿಸಿಕೊಂಡಿತು. ಎಲ್ಲದರಲ್ಲಿಯೂ ಕೊನೆಯ ಪಂಕ್ತಿಯಲ್ಲಿ ಕೂತು ಉಣ್ಣುವ ನಮ್ಮ ಭಾಗಕ್ಕೆ ಎಲೆ ಮೊದಲು ಬಿದ್ದ ಅಪೂರ್ವ ಸಂದರ್ಭವದು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ದೋಷಗಳ ಪಟ್ಟಿಯಲ್ಲಿ ಮೊದಲನೆಯದೇ ನರಕೊಳವೆಯ ದೋಷ. 2022ರಲ್ಲಿ ಯಾದಗಿರಿಗೇ ಮೆಡಿಕಲ್ ಕಾಲೇಜು ಬಂದಿತು.

ಇಷ್ಟರ ನಡುವೆ ನಮ್ಮ ಮನಸ್ಸನ್ನು ಚುಚ್ಚುವ ಒಂದು ಉಪಕಥೆಯುಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತ ಬತ್ತುವುದೇಕೆಂದು ಶೋಧಿಸಿ, ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ರಸದಿಂದ ಅದು ಗುಣವಾಗುವುದನ್ನು 1931ರಲ್ಲಿ ಲೋಕಕ್ಕೆ ತಿಳಿಸಿದಳು. ಆ ರಸದೊಳಗಿನ ಸತ್ತ್ವವನ್ನು 1941ರಲ್ಲಿ ಪಾಲಕದ ಎಲೆಯಿಂದ ಬೇರ್ಪಡಿಸಿ, ಎಲೆಯ ಲ್ಯಾಟಿನ್ ಹೆಸರಿನಿಂದ ಫೋಲಿಕ್ ಆಮ್ಲವೆಂದು ಕರೆದರು. 1991ರಲ್ಲಿ ನಿಕೊಲಸ್ ವಾಲ್ಡ್ ಮೊದಲಾದವರ ಬಹುರಾಷ್ಟ್ರೀಯ ಪ್ರಯೋಗವು ಸಾರಿದುದೇನೆಂದರೆ, ಒಮ್ಮೆ ಇಂಥ ಕೂಸನ್ನು ಹೆತ್ತವಳು ಮುಂದಿನ ಬಸುರಿಗೆ ಮುಂಚಿನಿಂದಲೇ ಆ ಆಮ್ಲವನ್ನು ಸೇವಿಸಿದರೆ ದೋಷವು ಶೇಕಡಾ 72ರಷ್ಟು ತಗ್ಗುವುದು. ಮುಂಬಯಿಯಿಂದ ದಕ್ಷಿಣಕ್ಕೆ ಬರುವ ರೈಲು ಯಾದಗಿರಿಯನ್ನು ಹಾದೇ ಬರುತ್ತಿತ್ತು. ಆ ಮಾತ್ರೆ ಮಾತ್ರ ಬಹಳ ನಿಧಾನವಾಗಿ ಬಂದಿತು, ಬಂದುದೂ ಹೊತ್ತು ಮೀರಿದ ಮೇಲೆ. ಮುಟ್ಟು ನಿಂತು ಎರಡನೆಯ ತಿಂಗಳಿಗೋ ಮೂರನೆಯದಕ್ಕೋ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಹೆಸರು ಬರೆಸಿ ಮಾತ್ರೆ ಪಡೆಯುವವಳ ಗರ್ಭದಲ್ಲಿ ಕೊಳವೆಯು ಮುಚ್ಚಬೇಕಾದ ದಿನ ಎಂದೋ ಕಳೆದಿರುತ್ತದೆ. ಜೋಳದ ರೊಟ್ಟಿಯ ಮಗ್ಗುಲಿಗೆ ಹಸಿ ಹಕ್ಕರಕಿ, ಹಸಿ ಮೆಂತೆಯನ್ನಿಟ್ಟು ಉಣ್ಣುವ ನಮ್ಮ ಪದ್ಧತಿಯಲ್ಲಿ ಈ ಸತ್ತ್ವವು, ಬೆಂಕಿಗೆ ಸಿಕ್ಕಿ ಅಳಿಯತಕ್ಕದ್ದು, ತುಸುವಾದರೂ ಉಳಿದು ಬರುತ್ತಿತ್ತು. ಆದರೆ ದುಡಿಯಲಿಕ್ಕೆ ಬೆಂಗಳೂರು, ಪುಣೆಗಳಿಗೆ ಗುಳೆ ಹೋದವರ ತಗಡಿನ ಶೆಡ್ಡುಗಳಲ್ಲಿ ಹಕ್ಕರಕಿ ಎಲ್ಲಿಂದ ಬರಬೇಕು?

ಈಗ ನಿರ್ಧಾರವು ಹೆರಿಗೆಗಿಂತಲೂ ಹಿಂದಕ್ಕೆ ಸರಿಯುತ್ತಿದೆ. ಹದಿನೆಂಟು ಇಪ್ಪತ್ತು ವಾರಗಳ ಸ್ಕ್ಯಾನಿಂಗಿನಲ್ಲಿ ಗಂಟು ಕಂಡರೆ, 2021ರ ತಿದ್ದುಪಡಿಯಾದ ಕಾಯಿದೆಯ ಪ್ರಕಾರ ಗರ್ಭವನ್ನು ತೆಗೆಸಲು ಅವಕಾಶವುಂಟು. ಅಮೆರಿಕದಲ್ಲಿ 2011ರ ಪ್ರಯೋಗವೊಂದರ ತರುವಾಯ ಗರ್ಭದೊಳಗೇ ಬೆನ್ನನ್ನು ಮುಚ್ಚುವುದೂ ನಡೆದಿದೆ. ಆದರೆ ಸ್ಕ್ಯಾನಿಂಗಿಗೆಂದು ಸುರಪುರದ ಹಳ್ಳಿಯಿಂದ ಹೊರಡಬೇಕಾದವಳು ಕಳೆ ಕೀಳುವ ಕೂಲಿಯನ್ನು ಬಿಟ್ಟು ಹೊರಡಬೇಕು. ಆದಕಾರಣ ಇಂದಿಗೂ ಬಹುಮಂದಿಗೆ ಗಂಟು ಕಾಣುವುದು ಹೆರಿಗೆಯ ಕೋಣೆಯಲ್ಲಿಯೇ.

ಅಲ್ಲಿ ನಡೆಯುವುದು ಇಷ್ಟು. ದಾದಿಯು ಕೂಸನ್ನು ಬೋರಲು ಮಲಗಿಸಿ, ಲವಣಜಲದಲ್ಲಿ ನೆನೆಸಿದ ಅರಿವೆಯನ್ನು ಗುಳ್ಳೆಯ ಮೇಲೆ ಹರವುತ್ತಾಳೆ, ಅದು ಒಣಗದಂತೆ ನೋಡಿಕೊಳ್ಳುತ್ತಾಳೆ. ಹೊರಗೆ ಬೆಂಚಿನ ಮೇಲೆ ಅತ್ತೆ, ಮಾವ, ಬಸ್ಸು ಹಿಡಿದು ಬಂದ ತವರಿನ ಅಣ್ಣ. ಹೆತ್ತವಳು ಒಳಗೆ, ಇಪ್ಪತ್ತರ ಆಸುಪಾಸಿನವಳು. ಶಸ್ತ್ರಕ್ರಿಯೆ ಮಾಡಿಸುವುದೋ ಬೇಡವೋ ಎಂದು ಬೆಂಚಿನವರು ಮಾತಾಡುವಾಗ ಕೂಸು ಗಂಡೋ ಹೆಣ್ಣೋ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ವೈದ್ಯನು ಕಲಬುರಗಿಗೆ ಫೋನು ಮಾಡಿ ಹಾಸಿಗೆಯುಂಟೋ ಎಂದು ಕೇಳುತ್ತಾನೆ, ಕಾರ್ಡನ್ನು ತರಿಸುತ್ತಾನೆ, ಟೇಪಿನಿಂದ ತಲೆಯನ್ನು ಅಳೆಯುತ್ತಾನೆ. ಲಾರ್ಬರನ ನಾಲ್ಕು ಲಕ್ಷಣಗಳು ಇಲ್ಲಿ ಕನ್ನಡದಲ್ಲಿ, ಯಾರ ಹೆಸರೂ ಇಲ್ಲದೆ, ಒಂದೊಂದಾಗಿ ಬೆಂಚಿನವರ ಮುಂದೆ ಬರುತ್ತವೆ. ಅವರು ಎಲ್ಲವನ್ನೂ ಕೇಳಿ, ತಲೆ ತಗ್ಗಿಸಿ, ತಿರುಗಿ ಕೇಳುವುದು ಒಂದೇ: "ನಡೀತದೇನ್ರಿ?"

ಆಗ ವೈದ್ಯನು ಒಳಗೆ ಹೋಗಿ ಕೂಸಿನ ಹೊಟ್ಟೆಯನ್ನು ಬೆರಳ ತುದಿಯಿಂದ ಕೆರಳಿಸುತ್ತಾನೆ. ಅಂಗಾಲನ್ನು ಕೆರಳಿಸಿದರೆ ಉಪಯೋಗವಿಲ್ಲ, ಸ್ಪರ್ಶವಿರುವ ಕಡೆ ಮುಟ್ಟಬೇಕು. ಕೂಸು ಅಳುತ್ತದೆ. ಅಳುವಿನೊಡನೆ ತೊಡೆಗಳು ಹೊಟ್ಟೆಯ ಕಡೆಗೆ ಮಡಿಚಿದರೆ ಇಷ್ಟು ನರ ಉಂಟು. ಮಂಡಿ ಝಾಡಿಸಿ ನೀಡಿಕೊಂಡರೆ ತೊಡೆಯ ಮುಂದಿನ ದಪ್ಪ ಸ್ನಾಯುವಿಗೆ ಜೀವವುಂಟು, ಪಟ್ಟಿ ಕಟ್ಟಿ ಕೋಲು ಕೊಟ್ಟರೆ ಮುಂದೊಂದು ದಿನ ನಿಂತೀತು. ಪಾದವೂ ಮೇಲೆದ್ದರೆ ಇನ್ನೂ ಮೇಲು. ಅವನು ಎರಡೂ ಮಂಡಿಗಳ ಮೇಲೆ ಕಣ್ಣಿಟ್ಟು ಕಾಯುತ್ತಾನೆ. ಬಲಗಾಲು ನೀಡಿಕೊಳ್ಳುತ್ತದೆ, ಎಡಗಾಲು, ತುಸು ತಡೆದು, ಅರ್ಧಕ್ಕೆ. ಆಂಬುಲೆನ್ಸಿನ ಹಾಸಿಗೆಯ ಮೇಲೆ ಕೂಸನ್ನು ಬೋರಲಾಗಿಯೇ ಮಲಗಿಸಬೇಕು, ಹಾಲನ್ನು ಮುಖ ಒಂದು ಮಗ್ಗುಲಿಗೆ ತಿರುಗಿಸಿ ಕುಡಿಸಬೇಕು ಎಂದು ದಾದಿಯು ಅಜ್ಜಿಗೆ ಎರಡು ಸಲ ಹೇಳುತ್ತಾಳೆ. ಕಲಬುರಗಿ ಯಾದಗಿರಿಯಿಂದ ಎಂಬತ್ತು ಕಿಲೋಮೀಟರಿನಷ್ಟು.